ಗಟ್ಟಿ ಕಾಲಿನ ಯಜಮಾನರು

ರಕ್ತ ಕಂಡು ಬೆಚ್ಚುವವಳು ನಾನಲ್ಲ. ಆದರೆ ಸವಳಂಗ ರಸ್ತೆಯ ಈ ಪಾದದ ಕ್ಲಿನಿಕ್ಕಿಗೆ ನರ್ಸಾಗಿ ಸೇರಿದ ಮೇಲೆ ಆಗಾಗ ನನ್ನ ಎದೆ ಧಸಕ್ಕೆನ್ನುತ್ತಲೇ ಇರುತ್ತದೆ. ಮುಖಕ್ಕೆ ಬಗೆಬಗೆಯ ಕ್ರೀಮು ಹಚ್ಚುವ ನಮ್ಮ ಜನಕ್ಕೆ, ಇಡೀ ಮೈ ಹೊರುವ ಕಾಲಿನ ಮೇಲೆ ಮಾತ್ರ ಮಲತಾಯಿ ಧೋರಣೆ. ಕಾಲಿಗೆ ಏನೇನು ಮಾಡಿಕೊಂಡು ಬರುತ್ತಾರೆಂದು ಹೇಳಿದರೆ ನೀವು ನಂಬುವುದಿಲ್ಲ. ಕಣ್ಣಾರೆ ನೋಡಿದ ನಾನೇ ಇನ್ನೂ ನಂಬಿಲ್ಲ.

ದಬ್ಬಣ ತನ್ನಿ

ಅವರು ಭದ್ರಾವತಿಯ ಯಜಮಾನರು. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆ ಹಳೆಯದು. ಹೆಂಡತಿಯೇ ಬಲವಂತ ಮಾಡಿ ಕರೆತಂದಿದ್ದರು.

"ಕಾಲು ನೋವಿದೆಯಾ?" ಎಂದು ಕೇಳಿದೆ.

"ನೋವಾ? ಕಾದ ಕಬ್ಬಿಣದ ಮುಂದೆ ನಿಂತ ಕಾಲು ಸಿಸ್ಟರ್ ಇದು! ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ, ಅಷ್ಟು ಗಟ್ಟಿ" ಎಂದು ಫೌಂಡ್ರಿಯ ಕಥೆ ಶುರುಮಾಡಿದರು. ಕಥೆ ಮುಗಿಯುವ ಲಕ್ಷಣವೇ ಇರಲಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ಚಡಪಡಿಸುತ್ತಾ ಆಗಾಗ ಬಗ್ಗಿ, ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಮ್ಮ ಗೋಡೆಯ ದೇವರ ಫೋಟೋಗೆ ಇರಬೇಕು, ಎಂಥ ಭಕ್ತೆ ಎಂದುಕೊಂಡೆ.

ಪಾದದ ಸ್ಪರ್ಶ ನೋಡಲು ನಮ್ಮಲ್ಲಿ ಒಂದು ನೈಲಾನ್ ಎಳೆ ಇದೆ. "ಕಣ್ಣು ಮುಚ್ಚಿ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ" ಎಂದೆ. ಬಲಗಾಲು ಆಯಿತು, ಎಡಗಾಲೂ ಆಯಿತು. ಹೂಂ ಇಲ್ಲ, ಉಹೂಂ ಇಲ್ಲ. ನಿದ್ದೆ ಹೋದರೇನೋ ಎಂದು ಮುಖ ನೋಡಿದೆ.

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಶುರು ಮಾಡಿ ಸಿಸ್ಟರ್, ನಾನು ರೆಡಿ."

ಎಳೆ ಕೆಳಗಿಟ್ಟು ಡಾಕ್ಟರನ್ನು ಕರೆದೆ. ಡಾಕ್ಟರು ಬಂದು ಬಿಡಿಸಿ ಹೇಳಿದರು: "ಇದು ಗಟ್ಟಿ ಕಾಲಲ್ಲ ಯಜಮಾನ್ರೆ, ಸ್ಪರ್ಶ ಹೋದ ಕಾಲು. ಗಾಯ ಆದ್ರೂ ನಿಮಗೆ ತಿಳಿಯಲ್ಲ. ಕೀವಾಗಿ ಪಾದವೇ ಹೋಗಬಹುದು. ಮನೆ ಒಳಗೂ ಮೆತ್ತನೆ ಅಟ್ಟೆಯ ಎಂಸಿಆರ್ ಚಪ್ಪಲಿ ಹಾಕಿ. ಶೂ ಹಾಕೋ ಮುಂಚೆ ಒಳಗೆ ಕೈಹಾಕಿ ನೋಡಿ, ಕೊಡವಿ."

ಯಜಮಾನರು ನಕ್ಕುಬಿಟ್ಟರು. "ನಿಮ್ಮ ದಾರ ತೀರಾ ಸಣ್ಣದು ಸಾರ್. ನಮ್ಮಂಥ ಕಾಲಿಗೆ ದಬ್ಬಣ ತನ್ನಿ!"

ಗುಳ್ಳೆ ಬರಲಿಲ್ಲ

ಪಂಕ್ಚರ್ ಅಂಗಡಿಯ ಭಾಯಿ ಒಬ್ಬರು ಕುಂಟುತ್ತಾ ಬಂದರು. ಹಿಮ್ಮಡಿ ಒಡೆದಿದೆ ಎಂದರು. ಕಾಲೆತ್ತಿ ನೋಡಿದರೆ ಹಿಮ್ಮಡಿಯೇ ಕಾಣಿಸಲಿಲ್ಲ, ಕಪ್ಪಗೆ ದುಂಡಗೆ ಏನೋ ಅಂಟಿಕೊಂಡಿತ್ತು.

"ಏನಿದು ಭಾಯಿ?"

"ಪ್ಯಾಚ್ ಸಿಸ್ಟರ್. ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸಲ್ಯೂಷನ್ ಹಚ್ಚಿ, ಆರಿಸಿ, ಪ್ಯಾಚ್ ಇಟ್ಟು ಸುತ್ತಿಗೇಲಿ ಕುಟ್ಟಿದ್ದೀನಿ."

"ಸುತ್ತಿಗೇಲಾ!" ಎಂದು ನಾನು ಕಿರುಚಿದ್ದು ರಸ್ತೆಯ ತನಕ ಕೇಳಿಸಿರಬೇಕು.

"ಮೆಲ್ಲಗೆ ಸಿಸ್ಟರ್. ಲಾರಿ ಟ್ಯೂಬಿಗೇ ನಿಲ್ಲುತ್ತೆ, ನನ್ನ ಹಿಮ್ಮಡಿಗೆ ನಿಲ್ಲಲ್ವಾ?"

ಬಿಡಿಸದೆ ವಿಧಿಯಿಲ್ಲ. ಮೆತ್ತಗಾಗಲಿ ಎಂದು ಉಗುರು ಬೆಚ್ಚನೆ ನೀರಿನ ಟಬ್ಬು ತಂದು ಕಾಲು ಇಡಿಸಿದೆ. ಭಾಯಿ ಬಗ್ಗಿ ನೀರನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಹೆಮ್ಮೆಯಿಂದ ತಲೆ ಎತ್ತಿದರು.

"ನೋಡಿ, ಒಂದು ಗುಳ್ಳೆ ಬರ್ತಿಲ್ಲ. ಪ್ಯಾಚ್ ಪಕ್ಕಾ ಇದೆ!"

ಕೊಳೆಯಾಗದ ಚಪ್ಪಲಿ

ಆಲ್ಕೊಳದ ನಿವೃತ್ತ ಟೀಚರಮ್ಮನಿಗೆ ಹಿಮ್ಮಡಿ ನೋವು. ಪಾದದ ಕಮಾನಿಗೆ ಆಸರೆ ಕೊಡುವ ಚಪ್ಪಲಿ ಕೊಳ್ಳಲು ಡಾಕ್ಟರು ಹೇಳಿದ್ದರು. ಕೊಂಡರು. ಮತ್ತೆ ಬಂದಾಗ ನೋವು ಇದ್ದ ಹಾಗೇ ಇತ್ತು.

"ದಿನಾ ಹಾಕ್ತೀರಾ ಟೀಚರ್?"

"ತಪ್ಪದೆ ಹಾಕ್ತೀನಮ್ಮ" ಎಂದು ಕೈಚೀಲದಿಂದ ಚಪ್ಪಲಿ ತೆಗೆದರು. ಅಡಿಯಲ್ಲಿ ಅಂಗಡಿಯ ಸ್ಟಿಕ್ಕರು ಹಾಗೇ ಇತ್ತು! ಅವರ ಕಾಲಲ್ಲಿದ್ದದ್ದು ಸವೆದು ಹಪ್ಪಳವಾದ ಹಳೇ ಚಪ್ಪಲಿ.

"ಎಲ್ಲಿ ಹಾಕ್ತೀರಿ ಮತ್ತೆ?"

"ರಸ್ತೇಲಿ ಹಾಕಿದ್ರೆ ಕೊಳೆ ಆಗುತ್ತೆ. ಮನೇಲಿ ಹಾಕಿ ಓಡಾಡೋಣ ಅಂದ್ರೆ ದೇವರ ಕೋಣೆ ಇದೆ. ಅದಕ್ಕೇ ಟೀವಿ ನೋಡುವಾಗ ಸೋಫಾ ಮೇಲೆ ಕಾಲು ಚಾಚ್ಕೊಂಡು ಹಾಕ್ಕೋತೀನಿ. ಎಷ್ಟು ಹಿತವಾಗಿದೆ ಅಂತೀಯ!"

ಕೀಲಿ ಸಿಕ್ಕಿದ್ದು

ಭದ್ರಾವತಿಯ ಯಜಮಾನರು ಮತ್ತೆ ಬಂದ ದಿನ ಗಂಡಹೆಂಡತಿ ಇಬ್ಬರೂ ಬೆವರಿ ನೀರಾಗಿದ್ದರು. ಬೆಳಿಗ್ಗೆಯಿಂದ ಸ್ಕೂಟರ್ ಕೀ ಕಾಣೆಯಂತೆ. ಹಾಸಿಗೆ ಕೊಡವಿ, ಅಕ್ಕಿ ಡಬ್ಬ ಜಾಲಾಡಿ, ಪಕ್ಕದ ಮನೆಯವರನ್ನೂ ಅನುಮಾನಿಸಿ, ಕೊನೆಗೆ ಬಸ್ಸು ಹತ್ತಿ ಬಂದಿದ್ದರು.

ಎಂಸಿಆರ್ ಚಪ್ಪಲಿ ಕೊಂಡಿರಲಿಲ್ಲ. ಅದೇ ಹಳೇ ಶೂ. ಬಿಚ್ಚಿಸಿದೆ. ಠಣ್ ಎಂದು ಕೀ ನೆಲಕ್ಕೆ ಬಿತ್ತು.

ಕಾಲೆತ್ತಿ ನೋಡಿದೆ. ಅಂಗಾಲಿನಲ್ಲಿ ಕೀಯ ಅಚ್ಚು, ಅದರ ಹಲ್ಲು ಹಲ್ಲೂ ಬಿದ್ದಿತ್ತು. ಒಂದು ಕಡೆ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಬಾಗಿಲ ಬಳಿ ಕೀ ನೇತುಹಾಕುವ ಮೊಳೆ, ಅದರ ಕೆಳಗೇ ಶೂ ಬಿಡುವ ಜಾಗವಂತೆ. ಜಾರಿ ಶೂ ಒಳಗೆ ಬಿದ್ದ ಕೀಯನ್ನೇ ತುಳಿದುಕೊಂಡು ಈ ಪುಣ್ಯಾತ್ಮರು ಊರೆಲ್ಲ ಅದನ್ನು ಹುಡುಕಿದ್ದರು.

"ಸಿಕ್ತು ಕಣೇ!" ಎಂದು ಯಜಮಾನರು ಕುಣಿಯುವುದೊಂದು ಬಾಕಿ.

ಡಾಕ್ಟರಿಗೆ ಸಿಟ್ಟು ಬಂತು. "ನಗಬೇಡಿ. ಕಾಲು ಉಳಿಯಬೇಕೋ ಬೇಡವೋ? ಕೀ ಅಲ್ಲ, ಯಾರಾದ್ರೂ ಬಂದು ತುಳಿದ್ರೂ ಈ ಕಾಲಿಗೆ ಗೊತ್ತಾಗಲ್ಲ."

ಹೆಂಡತಿಯ ಮುಖ ಬಿಳಿಚಿಕೊಂಡಿತು. "ಯಾರು ತುಳಿದ್ರೂನಾ ಸಾರ್? ಹೆಂಡ್ತಿ ತುಳಿದ್ರೂ?"

"ಯಾರಾದ್ರೂ ಅಷ್ಟೇ."

"ಅಯ್ಯೋ ದೇವ್ರೇ! ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬಂದಾಗ ಇವರು 'ನಮ್ಮ ಹುಡುಗಿಗೆ ಅಡುಗೆ ಬರಲ್ಲ, ಕೋಪ ಮಾತ್ರ ಬಿಸಿಬಿಸಿ ಬಡಿಸ್ತಾಳೆ' ಅಂತ ಶುರುಮಾಡಿದ್ರು. ಮಾತು ನಿಲ್ಲಿಸಲಿ ಅಂತ ಕಾಲು ತುಳಿದೆ, ತುಳಿದೆ, ತುಳಿದೇ ತುಳಿದೆ. ಗಂಡನ ಕಾಲಲ್ವಾ, ಪ್ರತಿ ಸಲ ಮುಟ್ಟಿ ಕಣ್ಣಿಗೂ ಒತ್ಕೊಂಡೆ! ಇವರು ನಿಲ್ಲಿಸಲೇ ಇಲ್ಲ, ಆ ಸಂಬಂಧ ತಪ್ಪಿಹೋಯ್ತು. ಬೇಕೂ ಅಂತ ನನ್ನ ಕಡೆಗಣಿಸಿದ್ರು ಅಂತ ಇವತ್ತಿನವರೆಗೂ ಇವರ ಜೊತೆ ಸರಿಯಾಗಿ ಮಾತಾಡಿಲ್ಲ ನಾನು!"

ಓಹೋ, ಮೊದಲ ದಿನ ಇಲ್ಲಿ ಬಗ್ಗಿ ಬಗ್ಗಿ ಮಾಡಿದ ಆ ನಮಸ್ಕಾರ ಗೋಡೆಯ ದೇವರಿಗಲ್ಲ, ತುಳಿದ ಕಾಲಿಗೆ!

ಯಜಮಾನರ ನಗು ಆರಿಹೋಯಿತು. "ನೀನು ತುಳೀತಿದ್ಯಾ?" ಎಂದು ಮೆಲ್ಲಗೆ ಕೇಳಿದರು. ಕೀ ಮಾಡದ ಕೆಲಸವನ್ನು ಹೆಂಡತಿಯ ಮಾತು ಮಾಡಿತು. ಮೊದಲ ಬಾರಿಗೆ ಅವರು ತಮ್ಮ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಪರರ ವಸ್ತುವಿನಂತೆ ತಿರುಗಿಸಿ ನೋಡಿದರು.

"ಸಾರ್, ಆ ಚಪ್ಪಲಿ ಎಲ್ಲಿ ಸಿಗುತ್ತೆ?" ಎಂದರು.

ಗಾಯಕ್ಕೆ ಪಟ್ಟಿ ಕಟ್ಟಿ, ನಮ್ಮಲ್ಲೇ ಅಳತೆ ನೋಡಿ ಎಂಸಿಆರ್ ಚಪ್ಪಲಿ ಕೊಟ್ಟೆವು. ಹೊರಗೆ ಬಂದ ಯಜಮಾನರಿಗೆ ಬೆಂಚಿನ ಮೇಲೆ ಕಾಯುತ್ತಿದ್ದ ಜನ ಕಂಡಿದ್ದೇ ತಡ, "ನಾನು ಫೌಂಡ್ರೀಲಿದ್ದಾಗ..." ಎಂದು ಶುರುಮಾಡಿದರು. ಹೆಂಡತಿ ಅಭ್ಯಾಸಬಲದಿಂದ ಕಾಲೆತ್ತಿದರು. ಏನೋ ನೆನಪಾಗಿ ಇಳಿಸಿದರು. ಆಮೇಲೆ ಗಂಡನ ರಟ್ಟೆ ಚಿವುಟಿ ಒಂದು ತಿರುವು ತಿರುವಿದರು.

"ಅಯ್ಯಯ್ಯಪ್ಪಾ!" ಎಂದು ಯಜಮಾನರು ಎಗರಿಬಿದ್ದರು.

ಹೆಂಡತಿ ಖುಷಿಯಿಂದ ಒಳಗೆ ಓಡಿಬಂದರು. "ಸಾರ್, ರಟ್ಟೆಗೆ ಚೆನ್ನಾಗಿ ಗೊತ್ತಾಗ್ತಿದೆ!"