ದೊಡ್ಡ ಅರ್ಧ

ತಿಂಡಿ ತಿನ್ನುವಷ್ಟು ಸುಲಭದ ಕೆಲಸದಲ್ಲೂ ಫಜೀತಿ ಮಾಡಿಕೊಳ್ಳುವವರು ಇರುತ್ತಾರೆ. ನನಗಂತೂ ಶನಿವಾರ ಬಂತೆಂದರೆ ಒಂದಲ್ಲ ಒಂದು ಕಾದೇ ಇರುತ್ತದೆ.

ನಾನು ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ, ಹೆಂಡತಿ ಇಂಗ್ಲೆಂಡಿನಲ್ಲಿ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ ಅವಳದು. ಇವತ್ತು ಈ ಊರು, ನಾಳೆ ಆ ಊರು. ಇಲ್ಲಿಗೆ ವರ್ಗ ಮಾಡುತ್ತೇವೆಂದು ಅವಳ ಕಂಪನಿಯವರು ಹೇಳುತ್ತಲೇ ಇದ್ದಾರೆ, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದ ಹಾಗೆ. ಅಲ್ಲಿಯವರೆಗೆ ನಮ್ಮದೊಂದು ಏರ್ಪಾಡು. ಶನಿವಾರ ನನ್ನ ತಿಂಡಿಯ ಹೊತ್ತಿಗೆ ಅವಳಿಗೆ ಊಟದ ಹೊತ್ತು. ವಿಡಿಯೋ ಕಾಲ್ ಮಾಡಿ ಇಬ್ಬರೂ ಸ್ಯಾಂಡ್‌ವಿಚ್ಚೋ ರೋಲೋ ತಿನ್ನಬೇಕು, ಹೇಗಿದೆ ಹೇಳಬೇಕು. ಮದುವೆಗೆ ಮುಂಚೆ ಬೆಂಗಳೂರಿನ ಅಯ್ಯಂಗಾರ್ ಬೇಕರಿ ಮುಂದೆ ನಿಂತು ಒಂದೇ ಖಾರದ ಟೋಸ್ಟನ್ನು ಹಂಚಿಕೊಂಡು ತಿಂದವರು ನಾವು. ದೊಡ್ಡ ಅರ್ಧ ಯಾರಿಗೆ ಅಂತ ದಿನಾ ಜಗಳ. ಈಗ ಪೂರ್ತಿ ರೋಲ್ ನನ್ನದೇ. ಜಗಳ ಆಡುವುದಕ್ಕೆ ಜನ ಇಲ್ಲ.

ಹಳದಿ

ಒಂದು ಶನಿವಾರ ಮ್ಯಾನ್‌ಹಟನ್‌ನಲ್ಲಿ ಆಫೀಸಿನ ಕೆಲಸವಿತ್ತು. ರಸ್ತೆ ಬದಿಯ ಗಾಡಿಯಲ್ಲಿ ಮೊಟ್ಟೆ, ಚೀಸ್ ಇಟ್ಟ ರೋಲ್ ಕೊಂಡೆ. ಅವತ್ತು ಹೆಂಡತಿ ನನಗೆ ಹೇಳದೆ ಮೈಸೂರಿನಲ್ಲಿರುವ ನನ್ನ ಅಮ್ಮನನ್ನೂ ಕಾಲ್‌ಗೆ ಸೇರಿಸಿದ್ದಳು. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದಿಲ್ಲ.

“ಅದೇನೋ ಒಳಗೆ ಹಳದಿ?” ಅಂದರು ಅಮ್ಮ.

“ಕಡಲೆಹಿಟ್ಟಿನ ದೋಸೆ ಕಣಮ್ಮ.”

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. “ನಿಮ್ಮಪ್ಪನೂ ರೈಲ್ವೆ ಸ್ಟೇಷನ್ ಹತ್ರ ಇದೇ ಕಡಲೆಹಿಟ್ಟಿನ ದೋಸೆ ತಿಂದು ಬರ್ತಿದ್ರು. ಆಮೇಲೆ ಎರಡು ಲವಂಗ ಅಗೀತಿದ್ರು. ನೀನೂ ಅಗಿ, ವಾಸನೆ ಬರಲ್ಲ.”

ಔಷಧಿ

ಇಂಗ್ಲೆಂಡಿನ ಮೇಲೆ ಹೆಂಡತಿಯ ದೂರು ಒಂದೇ. ಮೈ ಕೊರೆಯುವ ಚಳಿ, ತಿನ್ನುವುದಕ್ಕೆ ಡಬ್ಬಿಯಲ್ಲಿಟ್ಟ ತಣ್ಣನೆಯ ತ್ರಿಕೋನ ಸ್ಯಾಂಡ್‌ವಿಚ್. ಅವಳು ರೈಲಿನಲ್ಲಿ ಕೂತು ಅದನ್ನು ಬಿಚ್ಚಿ, ಚೀಲದಿಂದ ಪುಟ್ಟ ಡಬ್ಬಿ ತೆಗೆದು, ಚೀಸ್ ಮೇಲೆ ಚಟ್ನಿಪುಡಿ ಉದುರಿಸಿದಳಂತೆ. ಎದುರಿಗೆ ಕೂತಿದ್ದ ಅಜ್ಜಿ ಬಹಳ ಹೊತ್ತು ನೋಡಿ, “ಔಷಧಿಯೇನಮ್ಮಾ?” ಅಂದರಂತೆ.

“ಹೌದು. ಮನೆ ನೆನಪಾದಾಗ ತಗೊಳ್ಳೋದು.”

ಅಜ್ಜಿ ತಮ್ಮ ಸ್ಯಾಂಡ್‌ವಿಚ್ಚನ್ನೂ ಬಿಚ್ಚಿ ಮುಂದೆ ಹಿಡಿದರಂತೆ. “ಮಗಳ ಮನೆಯಿಂದ ವಾಪಸ್ ಹೋಗ್ತಿದೀನಿ. ನನಗೆ ಎರಡು ಚಮಚ ಹಾಕು.”

ಇದನ್ನು ಹೇಳಿ ಅವಳು ನಕ್ಕಳು. ನಾನೂ ನಕ್ಕೆ. ಕಾಲ್ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ನಾನೂ ಎರಡು ಚಮಚ ತಗೊಂಡೆ.

ಪಂಕ್ತಿ

ಮಾರಿಸ್‌ಟೌನ್‌ನಲ್ಲಿ ಧಾರವಾಡದ ಅಂಕಲ್ ಒಬ್ಬರಿದ್ದಾರೆ. ಒಬ್ಬನೇ ಕೂತು ಕೊರಗುತ್ತೇನೆಂದು ನನ್ನನ್ನು ಅಲ್ಲಿನ ಡೆಲಿಗೆ, ಅಂದರೆ ಸ್ಯಾಂಡ್‌ವಿಚ್ ಅಂಗಡಿಗೆ, ಕರೆದುಕೊಂಡು ಹೋದರು. ಬಂದ ಸ್ಯಾಂಡ್‌ವಿಚ್ ಒಂದು ಗೇಣು ಎತ್ತರವಿತ್ತು.

“ಇದನ್ನ ಕಚ್ಚಲಿಕ್ಕೆ ಮೊಸಳಿ ಬಾಯಿ ಬೇಕಲ್ರೀ” ಅಂತ ಅಂಕಲ್ ಅದನ್ನು ಪೂರ್ತಿ ಬಿಚ್ಚಿದರು. ಬ್ರೆಡ್ ಒಂದು ಕಡೆ, ತರಕಾರಿ ಒಂದು ಕಡೆ, ಚೀಸ್ ಇನ್ನೊಂದು ಕಡೆ. ರೊಟ್ಟಿ ಪಲ್ಯದ ಹಾಗೆ ಮುರಿದುಕೊಂಡು ತಿನ್ನತೊಡಗಿದರು. ಬಡಿಸಿದ ಹುಡುಗಿ ನೋಡಿ ಗಾಬರಿಯಾದಳು. ಏನೋ ತಪ್ಪಾಗಿದೆಯೆಂದು ಸಾರಿ ಕೇಳಿ ಹೊಸದೊಂದು ಸ್ಯಾಂಡ್‌ವಿಚ್ ತಂದಿಟ್ಟಳು.

ಅಂಕಲ್ ಅದನ್ನೂ ಬಿಚ್ಚುತ್ತಾ ಹೇಳಿದರು: “ಅಮೆರಿಕಾಕ್ಕ ಬಂದ ಮ್ಯಾಲೆ ಇವತ್ತ ನೋಡ್ರಿ, ಕೇಳದನ ಎರಡನೇ ಸಲ ಬಡಿಸಿದ್ರು.”

ಕೆಂಪು ಟೋಪಿ

ಸಾಮಾನ್ಯವಾಗಿ ನಾನು ಕೂರುವುದು ಹ್ಯಾರಿಸನ್ ಸ್ಟೇಷನ್ ಹತ್ತಿರದ ಡೆಲಿಯಲ್ಲಿ. ನಾನು ಬಂದ ಕೂಡಲೇ ಮಾಲೀಕ ಕೆಚಪ್ ಬಾಟಲಿ ತಂದಿಡುತ್ತಾನೆ, ಫೋನ್ ಒರಗಿಸುವುದಕ್ಕೆ. ಫೋನಿನೊಳಗೆ, ಇಂಗ್ಲೆಂಡಿನ ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ಕೆಂಪು ಉಣ್ಣೆ ಟೋಪಿ, ಮೂಗಿನವರೆಗೆ ಮಫ್ಲರ್ ಹಾಕಿ ಕೂತ ನನ್ನ ಹೆಂಡತಿಗೆ ಕೈ ಬೀಸಿ ಹೋಗುತ್ತಾನೆ.

ಈ ಬೇಸಿಗೆಯಲ್ಲಿ ಅವಳು ಒಂದು ವಾರದ ರಜೆಗೆ ಬಂದಳು. ಕೊನೆಯ ದಿನ ಶನಿವಾರ. ಹತ್ತಿ ಕುರ್ತಾ ಹಾಕಿ, ಕೂದಲು ಬಿಟ್ಟುಕೊಂಡು ನನ್ನ ಜೊತೆ ಡೆಲಿಗೆ ಬಂದಳು. ಒಂದು ರೋಲ್ ಹೇಳಿ, ಅರ್ಧ ಮಾಡಿಕೊಡಿ ಅಂದೆ. ಮಾಲೀಕ ಚಾಕು ಕೆಳಗಿಟ್ಟ.

“ಇವರು ಯಾರು?” ಎಂದು ಮೆಲ್ಲಗೆ ಕೇಳಿದ.

“ನನ್ನ ಹೆಂಡತಿ.”

“ನಿನ್ನ ಹೆಂಡತಿಗೆ ಕೆಂಪು ಟೋಪಿ ಇದೆ. ಎಲ್ಲಿ, ಈಗ ಫೋನ್ ಮಾಡು ಅವರಿಗೆ.”

ಮಾಡಿದೆ. ಪಕ್ಕದಲ್ಲೇ ಅವಳ ಬ್ಯಾಗು ಗುನುಗಿತು. ಅವಳು ನನಗೆ ಬೆನ್ನು ಮಾಡಿ ಫೋನ್ ಎತ್ತಿ, ಪ್ರತಿ ಶನಿವಾರದ ಹಾಗೆ ಕೇಳಿದಳು: “ಹಲೋ, ಏನು ತಿಂತಿದೀಯೋ?”

ಇಷ್ಟು ಹತ್ತಿರದಿಂದ ಆ ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ. ಮಾಲೀಕನಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಆದರೂ ಆಟ ಬಿಡದೆ ನನ್ನ ಫೋನ್ ಇಸಕೊಂಡು ಗಂಭೀರವಾಗಿ, “ಮೇಡಂ, ಹೇಳೋದಕ್ಕೆ ಬೇಜಾರು. ನಿಮ್ಮ ಗಂಡನ ಜೊತೆ ಇಲ್ಲೊಬ್ಬರು ಬಂದಿದ್ದಾರೆ” ಅಂದ.

“ಗೊತ್ತು” ಅಂದಳು ಅವಳು, ಎರಡಡಿ ದೂರದಿಂದ. “ಸಂಜೆ ಫ್ಲೈಟಿಗೆ ಅವಳು ಹೊರಟುಹೋಗ್ತಾಳೆ. ಅಲ್ಲೀವರೆಗೂ ನನ್ನ ಅರ್ಧ ಅವಳಿಗೇ ಕೊಡಿ. ದೊಡ್ಡ ಅರ್ಧ.”

ಆತ ಫೋನ್ ವಾಪಸ್ ಕೊಟ್ಟು, ಚಾಕು ಎತ್ತಿ ರೋಲ್‌ನ ನಡುವೆ ಇಟ್ಟು, ಒಂದಿಷ್ಟು ನನ್ನ ಕಡೆಗೆ ಸರಿಸಿ ಕತ್ತರಿಸಿದ. ಅವತ್ತು ನಾನು ಜಗಳ ಆಡಲಿಲ್ಲ.