ತಿಕೋಟಾದ ಲ್ಯಾಪ್‌ಟಾಪಿಗೆ ಪಾಲು ಹಾಕಿದ್ದು

ಹಿರಿಯರು ಕೂತು ಲ್ಯಾಪ್‌ಟಾಪಿಗೆ ಪಾಲು ಹಾಕಿದರು ಅಂದರೆ ನೀವು ನಂಬೋದಿಲ್ಲ. ನಂಬಬ್ಯಾಡ್ರಿ. ತಿಕೋಟಾಕ್ಕೆ ಹೋಗಿ ನೋಡಿರಿ, ಅದರ ಪರದೆಯ ಮೇಲೆ ಸುಣ್ಣದ ಕಲೆ ಇನ್ನೂ ಐತಿ. ವಿಜಯಪುರದ ರಿಪೇರಿ ಅಂಗಡಿಯಲ್ಲಿ ಕೂತವನಿಗೆ ಇಂಥವು ವಾರಕ್ಕೊಂದು ಗಂಟುಬೀಳುತ್ತವೆ. ಆದರೆ ಅವನ್ನು ದಡ ಮುಟ್ಟಿಸಲಿಕ್ಕೆ ನಿಡೋಣಿಯಲ್ಲಿ ಹುಟ್ಟಿ, ಯಾವ ಕ್ಲಾಸಿಗೂ ಹೋಗದೆ, ಬಿಚ್ಚಿ ಬಿಚ್ಚಿಯೇ ಕಂಪ್ಯೂಟರ್ ಕಲಿತ ನನ್ನಂಥವನೇ ಬೇಕು.

೧. ಬಚ್ಚಲ ಯಾರ ಕಡೆ?

ತಿಕೋಟಾದಲ್ಲಿ ಅಣ್ಣತಮ್ಮಂದಿರದೊಂದು ಫೋಟೋ ಸ್ಟುಡಿಯೋ. ಅಣ್ಣ ಮದುವೆ ವಿಡಿಯೋ ಮಾಡುತ್ತಿದ್ದ, ತಮ್ಮ ಲಗ್ನಪತ್ರಿಕೆ. ಇಬ್ಬರೂ ಮಾತು ಬಿಟ್ಟು ತಿಂಗಳಾಗಿತ್ತು. ಕಡೆಗೆ ಬಬಲೇಶ್ವರದ ಸೋದರಮಾವ ಬಂದು ಪಾಲು ಹಂಚಿದರು. ಕ್ಯಾಮೆರಾ ಅಣ್ಣನಿಗೆ, ಪ್ರಿಂಟರು, ಇನ್ವರ್ಟರು ತಮ್ಮನಿಗೆ. ಉಳಿದದ್ದು ಲ್ಯಾಪ್‌ಟಾಪ್. ಅದನ್ನು ಇಬ್ಬರೂ ಬಿಡಲೊಲ್ಲರು. ಹಿಂದಿನ ವಾರ ಅದರ ಬ್ಯಾಟರಿ ಉಬ್ಬಿದಾಗ ಕಿತ್ತು ತೆಗೆದವನು ನಾನೇ, ಹಾಗಾಗಿ ನನಗೇ ಕರೆ ಬಂತು.

ಪಡಸಾಲಿಯಲ್ಲಿ ಎಲ್ಲರೆದುರು ಎದೆ ಉಬ್ಬಿಸಿ ಹೇಳಿದೆ: "ಇದರಾಗ ಎರಡು ಸಂಸಾರ ಇಡತೀನ್ರಿ. ವಿಂಡೋಸ್ ಅಣ್ಣಗ, ಲಿನಕ್ಸ್ ತಮ್ಮಗ. ಚಾಲೂ ಮಾಡಿದಾಗ ಯಾರ ಮನಿ ಅಂತ ಕೇಳತೈತಿ. ಒತ್ತಿದವರದು ತೆರೀತೈತಿ."

ಮಾವ ಎಲಿ-ಅಡಿಕಿ ಅಗಿಯುತ್ತ ವಿಚಾರ ಮಾಡಿದರು.

"ಬಾಗಲಾ ಒಂದ?"

"ಒಂದರಿ."

"ಮನಿ ಎರಡು?"

"ಹೌದ್ರಿ."

"ಮತ್ತ ಬಚ್ಚಲಾ ಯಾರ ಕಡೆ?"

ಅಳಿಸಿದ ಫೈಲು ಬೀಳುವ ಕಸದಬುಟ್ಟಿ ಇಬ್ಬರಿಗೂ ಬೇರೆಬೇರೆ ಇರುತ್ತದೆ ಎಂದು ತೋರಿಸಿದ ಮೇಲೆಯೇ ಅವರು ಒಪ್ಪಿದ್ದು.

೨. ಸುಣ್ಣದ ಬೊಟ್ಟು

ಡಿಸ್ಕಿನ ಜಾಗ ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿಯಾಗಿ ಕಾಣುತ್ತದೆ. ನಡುವಿನ ಗೆರೆಯನ್ನು ಎಳೆದಲ್ಲಿಗೆ ಪಾಲು. ತಮ್ಮ ನನಗೆ ಹೇಳಲಿಲ್ಲ, ಅಣ್ಣನಿಗಂತೂ ಹೇಳಲಿಲ್ಲ. ಎರಡು ಬೆರಳು ಆಚೆ ಸರಿಸಲಿ ಎಂದು ಮಾವನಿಗೆ ಹೇಳಿದ. ಒಂದು ಬೆರಳು ಈಚೆ ಬರಲಿ ಎಂದು ಅಣ್ಣನೂ ಮಾವನಿಗೇ ಹೇಳಿದ. ಗೆರೆ ಆಚೆ ಈಚೆ ಆಡಿ ಆಡಿ ನನ್ನ ಕೈ ನೋಯತೊಡಗಿತು.

ಮಾವ ಎದ್ದರು. ಹೂವು ಕಟ್ಟುವ ದಾರ ತರಿಸಿ ಪಟ್ಟಿಯ ಉದ್ದ ಹಿಡಿದು, ಅರ್ಧಕ್ಕೆ ಮಡಚಿ, ಎಲಿ-ಅಡಿಕಿ ಚಂಚಿಯೊಳಗಿನ ಸುಣ್ಣ ತೆಗೆದು ಪರದೆಯ ನಟ್ಟನಡುವೆ ಒಂದು ಬೊಟ್ಟು ಒತ್ತಿದರು. ಹೊಲಕ್ಕೆ ಗುರುತು ಹಾಕಿದಂತೆ. ಯಾರೂ ಒರೆಸಬಾರದು ಎಂದು ಅಪ್ಪಣೆಯೂ ಆಯಿತು.

ಆಗ ಒಳಗಿಂದ ಅಣ್ಣತಮ್ಮಂದಿರ ಅವ್ವ ಬಂದು, ಗಂಡಸರೆಲ್ಲ ಹಂಚಿಕೊಂಡಿರಿ, ನನ್ನ ಪಾಲು ಎಲ್ಲಿ ಎಂದು ಕೇಳಿದಳು. ನಿಯಮ ನಿಯಮವೇ. ಇಬ್ಬರಿಂದಲೂ ಸಮನಾಗಿ ಕತ್ತರಿಸಿ ನಡುವೆ ಮೂರನೆಯದೊಂದು ಸಣ್ಣ ಕೋಣೆ ತೆಗೆದೆ. ಅದಕ್ಕೆ 'ಅವ್ವ' ಎಂದೇ ಹೆಸರಿಟ್ಟು, ವಿಂಡೋಸಿನಿಂದಲೂ ಲಿನಕ್ಸಿನಿಂದಲೂ ಇದರೊಳಗೆ ಬರಬಹುದು ಎಂದು ವಿವರಿಸಿದೆ.

"ಬಂದರ ಭಾಳ ಆತು ಬಿಡಪಾ," ಅಂದಳು ಅವ್ವ.

೩. ಒಂದು ವೈರು

ಅಷ್ಟರಲ್ಲಿ ನನ್ನ ಅಂಗಡಿ ಮಾಲಕರ ಫೋನು. ಬ್ಯಾಕಪ್ ತೆಗೆದಿಯೇನು ಎಂದರು. ಆಗೇತ್ರಿ ಎಂದೆ. ಬ್ಯಾಕಪ್ಪಿನ ಡಿಸ್ಕು ವಿಜಯಪುರದಲ್ಲಿ ಅವರ ಮೇಜಿನ ಡ್ರಾದಲ್ಲೇ ಇತ್ತು. ಆದರೆ ನನ್ನ ಕೈ ಎಂದಾದರೂ ತಪ್ಪಿದ್ದುಂಟೇ?

"ನೆನಪಿಡಲೇ, ಡೇಟಾ ಹೋದ್ರ ನೀನೂ ಹೋಗ್ತಿ," ಎಂದು ಅವರು ಫೋನಿಟ್ಟರು.

ಕನಮಡಿಯ ಒಂದು ಮದುವೆಯ ವಿಡಿಯೋ ಅಣ್ಣನ ಪಾಲಿನಲ್ಲಿತ್ತು. ಇದ್ದದ್ದು ಅದೊಂದೇ ಪ್ರತಿ. ಕ್ಯಾಮೆರಾದ ಕಾರ್ಡನ್ನು ಅಣ್ಣ ಆಗಲೇ ಖಾಲಿ ಮಾಡಿದ್ದ. ಆ ಮದುವೆಯ ಬೀಗರು ಅದೇ ದಿನ ನಾಲ್ಕಕ್ಕೆ ಒಯ್ಯಲು ಬರುವವರು. ಲಿನಕ್ಸ್ ಮುಕ್ಕಾಲು ಕೂತಿತ್ತು, ಕರೆಂಟ್ ಹೋಯಿತು. ಬ್ಯಾಟರಿ ಇಲ್ಲದ ಯಂತ್ರ. ಪರದೆ ಕಪ್ಪಾಗಿ, ಮಾವನ ಸುಣ್ಣದ ಬೊಟ್ಟೊಂದೇ ಉಳಿಯಿತು.

ಹಿಂಗಾಗೋದು ಇದ್ದದ್ದೇ ಎಂದು ನಾನು ನಕ್ಕೆ. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಕನಮಡಿಯವರು ಹೊರಟಿದ್ದೇವೆ ಎಂದು ಫೋನು ಮಾಡಿದರು. ಅಣ್ಣ ಗೋಡೆ ಹಿಡಿದು ಕೂತುಬಿಟ್ಟ.

ಇನ್ವರ್ಟರ್ ಇದ್ದದ್ದು ತಮ್ಮನ ಕೋಣೆಯಲ್ಲಿ. ತಮ್ಮ ಇದ್ದದ್ದು ಅಣ್ಣನಿಂದ ಮೂರು ಹೆಜ್ಜೆ ದೂರ.

"ಮಾವಾ, ಅಂವಗ ಒಂದು ವೈರ್ ಕೊಡಾಕ ಹೇಳ್ರಿ," ಎಂದ ಅಣ್ಣ.

"ಮಾವಾ, ಬಾಯಿದ್ರ ಅವನೇ ಕೇಳಲಿ ಅಂತ ಹೇಳ್ರಿ," ಎಂದ ತಮ್ಮ.

ಮಾವನ ಬಾಯಿ ತುಂಬ ಎಲಿ-ಅಡಿಕಿ. ಅವರು ಅಗಿಯುತ್ತಲೇ ಕೂತರು. ಗಡಿಯಾರ ಮೂರೂವರೆ ದಾಟಿತು. ಅಣ್ಣ ನೆಲ ನೋಡುತ್ತ ಅಂದ:

"ತಮ್ಮಾ, ವೈರ್ ಕೊಡೋ."

ತಮ್ಮ ತಂದು ಕೊಟ್ಟ. "ಪಾಲಿನ್ಯಾಗ ಇದು ಬರೂದಿಲ್ಲ. ಸಂಜೀಕ ತಿರುಗಿ ಬೇಕು."

ಪೆನ್‌ಡ್ರೈವ್ ಚುಚ್ಚಿ ಚಾಲೂ ಮಾಡಿದೆ. ಅಣ್ಣನ ಮನೆ ಇಡಿಯಾಗಿ ನಿಂತಿತ್ತು. ತಮ್ಮನ ಮನೆಯ ಕಾಲು ಭಾಗ, ಯಾರ ಮನೆ ಎಂದು ಕೇಳುವ ಬಾಗಿಲು ಕೂರಿಸುವುದು ಉಳಿದಿತ್ತು. ಮೊದಲು ವಿಡಿಯೋವನ್ನು ಅವ್ವನ ಪಾಲಿಗೆ ಹಾಕಿದೆ. ಉಸಿರು ಬಂತು.

ಕನಮಡಿಯ ಬೀಗರು ಅಲ್ಲೇ ಕೂತು ನೋಡಿದರು. ಮದುಮಗನ ಮುಖ ಬಂದಾಗಲೆಲ್ಲ ಗಲ್ಲದ ಮೇಲೆ ಸುಣ್ಣದ ಬೊಟ್ಟು.

"ದೃಷ್ಟಿ ಬೊಟ್ಟು ಇಟ್ಟದ್ದು ಚಲೋ ಆತು," ಎಂದರು ಬೀಗರು, "ಕರೇದು ಇಡಬೇಕಿತ್ತು."

೪. ಯಾರ ಹೆಸರು ಮೊದಲು

ತಮ್ಮನ ಮನೆ ಮುಗಿಸಿ ಬಾಗಿಲು ಕೂರಿಸಿದೆ. ಎರಡು ಹೆಸರು ಬಂದವು. ಹತ್ತು ಸೆಕೆಂಡು ಯಾರೂ ಮುಟ್ಟದಿದ್ದರೆ ಮೊದಲ ಹೆಸರಿನ ಮನೆ ತೆರೆಯುತ್ತದೆ ಎಂದು ಬಾಯಿ ತಪ್ಪಿ ಹೇಳಿದೆ. ಮೊದಲ ಹೆಸರು ಯಾರದು ಎಂದು ಶುರುವಾಯಿತು. ಆದರೆ ಈಗ ನೇರ ಮುಖ ನೋಡಿಯೇ ಜಗಳ, ನಡುವೆ ಮಾವ ಬೇಕಾಗಲಿಲ್ಲ. ಕಡೆಗೆ ಸೆಕೆಂಡು ಎಣಿಸುವುದನ್ನೇ ಬಂದ್ ಮಾಡಿದೆ. ಯಾರಾದರೂ ಬಂದು ಮುಟ್ಟುವವರೆಗೂ ಅದು ಕಾಯುತ್ತದೆ.

ಪಾಲು ಹಾಕಿದ ಹಿರಿಯರಿಗೆ ಟಾವೆಲ್ಲು, ಕಾಯಿ ಕೊಡುವುದು ನಮ್ಮ ಕಡೆ ಪದ್ಧತಿ. ಮಾವನಿಗೆ ಟಾವೆಲ್ಲು ಹೊದಿಸಿದರು. ಅಸಲಿ ಪಾಲು ಹಾಕಿದವ ನಾನು. ಕೊರಳು ಚಾಚಿಕೊಂಡೇ ನಿಂತಿದ್ದೆ. ಯಾರೂ ಈ ಕಡೆ ನೋಡಲಿಲ್ಲ.

ಗಾಡಿ ಏರುವಾಗ ಅಣ್ಣ ಬಂದು ನನ್ನ ಚೀಲದಲ್ಲಿ ಅರ್ಧ ತೆಂಗಿನಕಾಯಿ ತುರುಕಿ, ತಮ್ಮನಿಗೆ ಹೇಳಬ್ಯಾಡ ಎಂದ. ಊರ ಹೊರಗೆ ಚಹಾದಂಗಡಿಯ ಹತ್ತಿರ ತಮ್ಮ ಅಡ್ಡ ಬಂದು ಇನ್ನರ್ಧ ತುರುಕಿ, ಅಣ್ಣನಿಗೆ ಹೇಳಬ್ಯಾಡ ಎಂದ.

ಇಟ್ಟಂಗಿಹಾಳದ ಹತ್ತಿರ ಗಾಡಿ ನಿಲ್ಲಿಸಿ ಎರಡನ್ನೂ ಕೂಡಿಸಿ ನೋಡಿದೆ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತವು.

ಒಟ್ಟು ನನಗೆ ಕೊಟ್ಟದ್ದು ಒಂದು ತೆಂಗಿನಕಾಯಿ.