ಯಾರಿಗೂ ಹೇಳದೆ ಮನೆ ಮಾರುವ ವಿಧಾನ

ಮನೆ ಮಾರುವುದು ಕಷ್ಟ ಎನ್ನುವವರಿಗೆ ವ್ಯವಸ್ಥಿತವಾಗಿ ಕೆಲಸ ಮಾಡಲು ಬರುವುದಿಲ್ಲ ಎಂದೇ ನಾನು ತಿಳಿದಿದ್ದೆ. ನಾನು ಮಿಜಾರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೆಯ ಸಾಲಿನಲ್ಲಿದೆ ಎಂದು ಕುಳಿತಲ್ಲಿಂದಲೇ ಹೇಳಬಲ್ಲವಳು. ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕಕ್ಕೂ ಓದುಗನನ್ನು ಹುಡುಕಿಕೊಟ್ಟವಳು. ಅಂಥವಳಿಗೆ ಒಂದು ಮನೆಗೆ ಒಬ್ಬ ಗಿರಾಕಿಯನ್ನು ಹುಡುಕುವುದು ಎಷ್ಟರ ಕೆಲಸ?

ನಮ್ಮ ಮನೆ ಇರುವುದು ಬಂಟ್ವಾಳದಲ್ಲಿ, ಗುಡ್ಡದ ಬದಿಯಲ್ಲಿ, ರಸ್ತೆಯಿಂದ ನಲವತ್ತೆರಡು ಮೆಟ್ಟಿಲು ಮೇಲೆ. ಗಾಳಿ, ಬೆಳಕು, ಬಾವಿಯ ನೀರು ಯಾವುದಕ್ಕೂ ಕೊರತೆಯಿಲ್ಲ. ಆದರೆ ಅತ್ತೆಯ ಮೊಣಕಾಲು ಆ ಮೆಟ್ಟಿಲುಗಳ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ಇದರಿಂದ ಅತ್ತೆಗಾದ ದೊಡ್ಡ ನಷ್ಟವೆಂದರೆ ಮೀನು. ಅವರು ಮೀನಿನ ಕಿವಿರು ಎತ್ತಿ ನೋಡಿ, ಅದು ಎಷ್ಟು ಗಂಟೆಗೆ ದೋಣಿಯಿಂದ ಇಳಿಯಿತೆಂದು ಹೇಳುವವರು. ಈಗ ಕೆಳಗೆ ಮೀನಿನವನ ಸ್ಕೂಟರಿನ ಹಾರ್ನ್ ಕೇಳಿದರೆ ಓಡಬೇಕಾದವಳು ನಾನು. ನಾನು ಕೊಡೆ ಹುಡುಕಿ, ಚಪ್ಪಲಿ ಹುಡುಕಿ ಇಳಿಯುವಷ್ಟರಲ್ಲಿ ಒಳ್ಳೆಯ ಬಂಗುಡೆಗಳೆಲ್ಲ ಬೇರೆಯವರ ಚೀಲ ಸೇರಿರುತ್ತವೆ. ನಾನು ತಂದದ್ದನ್ನು ಅತ್ತೆ ಒಮ್ಮೆ ನೋಡಿ, "ಇದು ನಿನ್ನೆಯದ್ದಲ್ಲ," ಎನ್ನುತ್ತಾರೆ. ನನಗೆ ಸಂತೋಷವಾಗುವ ಮೊದಲೇ, "ಮೊನ್ನೆಯದ್ದು," ಎಂದು ಮುಗಿಸುತ್ತಾರೆ.

ಮೂಡುಬಿದಿರೆಯಲ್ಲಿ ನಮಗೆ ಒಂದು ಮನೆ ಒಪ್ಪಿಗೆಯಾಗಿತ್ತು. ಸಮತಟ್ಟಾದ ಜಾಗ, ಗೇಟಿನ ಎದುರೇ ರಸ್ತೆ, ಕಾಲೇಜಿಗೆ ಒಂದೇ ಬಸ್ಸು. ರಿಕ್ಷಾದವರಿಬ್ಬರು ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದ ಮೇಲೆ ಅವರನ್ನೂ ಕರೆದುಕೊಂಡು ಹೋಗಿ ತೋರಿಸಿದ್ದೆವು. ಅತ್ತೆ ಮನೆಯ ಒಳಗೆ ಹೋಗಲೇ ಇಲ್ಲ. ಗೇಟಿನ ಬಳಿ ನಿಂತು ಪಕ್ಕದ ಮನೆಯವರನ್ನು ಕರೆದು, ಮೀನಿನವನು ಇಲ್ಲಿಗೇ ಬರುತ್ತಾನಾ ಎಂದು ಕೇಳಿದರು. ಬರುತ್ತಾನೆ ಎಂದರು. "ಮನೆ ಒಳ್ಳೆಯದುಂಟು," ಎಂದು ಅತ್ತೆ ತೀರ್ಪು ಕೊಟ್ಟರು. ಆ ಮನೆಯೊಡತಿ ದೀಪಾವಳಿಯವರೆಗೆ ನಮಗಾಗಿ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದರು. ಅಷ್ಟರೊಳಗೆ ನಮ್ಮದು ಮಾರಾಟವಾಗಬೇಕಿತ್ತು.

ನಾನು ಒಂದೇ ಒಂದು ನಿಯಮ ಹಾಕಿದೆ: ವಿಷಯ ಗುಟ್ಟಾಗಿರಬೇಕು. ದಲ್ಲಾಳಿ ಬೇಡ, ಬೋರ್ಡು ಬೇಡ, ಊರಿನಲ್ಲಿ ಒಬ್ಬರಿಗೂ ಗೊತ್ತಾಗುವುದು ಬೇಡ. ಗೊತ್ತಾದರೆ ಸಾಲವಾ, ಅತ್ತೆ ಸೊಸೆ ಜಗಳವಾ, ದೈವದ ಉಪದ್ರವಾ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಯಾವ ಸ್ಟಾಪಿನಲ್ಲಿ ಇಳಿಯುತ್ತೀರಿ ಎಂದು ಕೇಳಿದರೂ ಬೆವರುವವಳು ನಾನು.

ನನ್ನ ಗಂಡ ಹರೀಶರಿಗೆ ಬಿ.ಸಿ. ರೋಡಿನಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿಯಿದೆ. ಪಂಪು ತಂದವರ ಮೂರು ತಲೆಮಾರಿನ ಸಮಾಚಾರ ತಿಳಿಯದೆ ಅವರು ಒಂದು ತಿರುಪನ್ನೂ ಬಿಚ್ಚುವುದಿಲ್ಲ.

"ಅಲ್ಲ ಮಾರಾಯ್ತಿ, ಯಾರಿಗೂ ಹೇಳದೆ ಮನೆ ಮಾರುವುದು ಹೇಗೆ? ತಗೊಳ್ಳುವವನಿಗಾದರೂ ಹೇಳ್ಬಹುದಾ?"

"ಅದಕ್ಕೊಂದು ವಿಧಾನ ಉಂಟು. ನೀವು ಸುಮ್ಮನಿದ್ದರೆ ಸಾಕು," ಎಂದೆ.

ವಿಧಾನವೆಂದರೆ, ಮನೆಗಳನ್ನು ಮಾರುವ ಒಂದು ಜಾಲತಾಣದಲ್ಲಿ ಜಾಹೀರಾತು ಹಾಕುವುದು. ಎರಡು ಸಂಜೆ ಕುಳಿತು ಬರೆದೆ. ಗ್ರಂಥಪಾಲಕಿಯಾದ ನಾನು ಹರಿದ ಪುಟವನ್ನು ಮುಚ್ಚಿಟ್ಟು ಪುಸ್ತಕ ಕೊಡುವವಳಲ್ಲ. ಹಾಗಾಗಿ ಹೀಗೆ ಬರೆದೆ: "ರಸ್ತೆಯಿಂದ ನಲವತ್ತೆರಡು ಮೆಟ್ಟಿಲು. ಮೂವತ್ತನೆಯದು ಸ್ವಲ್ಪ ಅಲ್ಲಾಡುತ್ತದೆ. ಅಡುಗೆಮನೆಯ ಕಿಟಕಿ ಮಳೆಗಾಲದಲ್ಲಿ ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ತೆರೆಯುವುದಿಲ್ಲ. ಹಿತ್ತಲಿಗೆ ನವಿಲುಗಳು ಬರುತ್ತವೆ. ಅವುಗಳ ಸ್ವರ ಫೋಟೋದಲ್ಲಿ ಕಾಣಿಸುವುದಿಲ್ಲ."

ಹರೀಶರು ಓದಿ, "ಇದು ಜಾಹೀರಾತಾ, ಎಚ್ಚರಿಕೆಯಾ?" ಎಂದರು.

ಎರಡೇ ದಿನದಲ್ಲಿ ಮೊದಲ ಅಪಾಯ ಎದುರಾಯಿತು. ಮೆಟ್ಟಿಲಿನ ಬುಡದಲ್ಲೇ ಹಮೀದಾಕನ ದಿನಸಿ ಅಂಗಡಿ. ನಾನು ಮದುವೆಯಾಗಿ ಬಂದ ದಿನ ಮೇಲಿನವರೆಗೆ ಸಕ್ಕರೆ ಮೂಟೆ ಹೊರಿಸಿ ಕಳಿಸಿದವರು ಅವರೇ. ಯಾರೋ ಮೊಬೈಲಿನಲ್ಲಿ ನಮ್ಮ ಮನೆಯ ಫೋಟೋ ತೋರಿಸಿದರಂತೆ. ನಾನು ಬಸ್ಸಿಗೆ ಹೊರಟಿದ್ದಾಗ ತಡೆದು, "ಟೀಚರೇ, ಮನೆ ಮಾರ್ತೀರಂತೆ, ಹೌದಾ?" ಎಂದು ಕೇಳಿದರು. ಗ್ರಂಥಾಲಯದಲ್ಲಿರುವವರೂ ಅವರ ಲೆಕ್ಕದಲ್ಲಿ ಟೀಚರೇ.

ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು. ನಾನು ತಲೆ ಅಲ್ಲಾಡಿಸಿ, ಹಾಗೇನಿಲ್ಲ, ಯಾರೋ ಸುಮ್ಮನೆ ಹಾಕಿದ್ದು, ಯಾರಾದರೂ ಕೇಳಿದರೆ ಇಲ್ಲ ಎಂದು ಹೇಳಿಬಿಡಿ ಎಂದು ಹೇಳಿ ಬಸ್ಸು ಹತ್ತಿದೆ. ಸಿದ್ಧಕಟ್ಟೆ ದಾಟುವವರೆಗೂ ನನ್ನ ಸಮಯಸ್ಫೂರ್ತಿಯನ್ನು ನಾನೇ ಮೆಚ್ಚಿಕೊಂಡೆ.

ಮೂರು ವಾರ ಕಳೆಯಿತು. ಒಬ್ಬರೂ ಬರಲಿಲ್ಲ. ಬರುವುದಿರಲಿ, ಫೋನೂ ಇಲ್ಲ. ನಾನು ಜಾಲತಾಣದ ತಾಂತ್ರಿಕ ದೋಷವಿರಬೇಕೆಂದು ಅವರಿಗೆ ಮೂರು ಪತ್ರ ಬರೆದೆ. ನಾಲ್ಕನೆಯದನ್ನು ಬರೆಯುತ್ತಿದ್ದಾಗ ಅತ್ತೆ ಒಳಗಿನಿಂದ, ಜಾಹೀರಾತು ಹಾಕಿದ್ದು ಯಾವತ್ತು ಎಂದು ವಿಚಾರಿಸಿದರು. ನಾನು ತಾರೀಕು ಹೇಳಿದೆ. ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು.

"ಆಟಿ ತಿಂಗಳ ಒಂದನೇ ದಿನ. ಆಟಿಯಲ್ಲಿ ಮನೆ ನೋಡ್ಲಿಕ್ಕೆ ಬರುವವ ಒಬ್ಬನೇ. ಆಟಿ ಕಳೆಂಜ."

ಆಟಿಯೆಂದರೆ ನಮ್ಮಲ್ಲಿ ಯಾವ ಹೊಸ ಕೆಲಸಕ್ಕೂ ಕೈ ಹಾಕದ ತಿಂಗಳು. ಕಳೆಂಜನೆಂದರೆ ಆ ತಿಂಗಳಲ್ಲಿ ತೆಂಗಿನ ಗರಿ ಸುತ್ತಿಕೊಂಡು, ಓಲೆಕೊಡೆ ಹಿಡಿದು, ಮನೆಮನೆಯ ರೋಗ ಕಳೆಯಲು ಬರುವ ವೇಷ. ಅವನು ಬಂದ. ಅಕ್ಕಿ, ತೆಂಗಿನಕಾಯಿ ಪಡೆದು ಹೋದ. ಮನೆಯ ಬಗ್ಗೆ ಏನೂ ಕೇಳಲಿಲ್ಲ!

ಆಟಿ ಕಳೆದು ಸೋಣ ತಿಂಗಳು ಬಂತು. ನಿಜವಾಗಿಯೂ ಫೋನುಗಳು ಶುರುವಾದವು. ಮೊದಲು ಕಕ್ಕಿಂಜೆಯವರೊಬ್ಬರು ಭಾನುವಾರ ಹತ್ತು ಗಂಟೆಗೆ ಬರುತ್ತೇವೆ ಎಂದರು. ಶನಿವಾರವಿಡೀ ನಾನು ಮನೆ ತಿಕ್ಕಿದೆ. ಹರೀಶರು ಮೂವತ್ತನೆಯ ಮೆಟ್ಟಿಲಿಗೆ ಸಿಮೆಂಟು ಹಾಕಿದರು. ಬೆಳಿಗ್ಗೆ ಚಟ್ಟಂಬಡೆ ಕರಿದೆ. ಅತ್ತೆ ಹಬ್ಬಕ್ಕೆ ಉಡುವ ಸೀರೆ ಉಟ್ಟು ಚಾವಡಿಯಲ್ಲಿ ಕುಳಿತರು. ಹತ್ತಾಯಿತು, ಹನ್ನೊಂದಾಯಿತು, ಹನ್ನೆರಡಾಯಿತು. ನಾನು ಫೋನು ಮಾಡಿದರೆ ಅವರು ಎತ್ತಲಿಲ್ಲ. ಚಟ್ಟಂಬಡೆಗಳನ್ನು ಹರೀಶರು ತಿಂದರು.

ಆಮೇಲೆ ಮುಂಡಾಜೆಯವರು. ಹೊರಟಿದ್ದೇವೆ ಎಂದರು, ಬರಲಿಲ್ಲ. ಚಟ್ಟಂಬಡೆಗಳನ್ನು ಹರೀಶರು ತಿಂದರು. ಆಮೇಲೆ ಬೆಳ್ತಂಗಡಿಯ, ದುಬೈಯಿಂದ ರಜೆಯಲ್ಲಿ ಬಂದಿದ್ದ ಒಬ್ಬರು. ಅವರು ಮಾತ್ರ ಫೋನು ಎತ್ತಿ, "ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ಕೇಳಿ ಇಟ್ಟುಬಿಟ್ಟರು. ನನಗೆ ಬೇರೆ ಕೆಲಸವಿದೆ, ನಾನು ಗ್ರಂಥಪಾಲಕಿ ಎಂದು ಹೇಳಲೂ ಅವಕಾಶ ಕೊಡಲಿಲ್ಲ.

ನಾನು ಒಂದು ಪುಸ್ತಕ ಇಟ್ಟೆ. ಬರುವುದಾಗಿ ಹೇಳಿದವರ ಊರು, ಸಮಯ, ಬಾರದಿರುವುದಕ್ಕೆ ಸಂಭವನೀಯ ಕಾರಣ. ಕಾರಣದ ಅಂಕಣದಲ್ಲಿ ಮೊದಲು ಮೆಟ್ಟಿಲು ಎಂದು ಬರೆದೆ. ಮತ್ತೆ ನವಿಲು. ಮತ್ತೆ ನನ್ನ ಧ್ವನಿ. ಜಾಹೀರಾತನ್ನೂ ತಿದ್ದಿದೆ. ನಲವತ್ತೆರಡು ಮೆಟ್ಟಿಲು ಹೋಗಿ "ಎತ್ತರದ ಪ್ರಶಾಂತ ತಾಣ" ಬಂತು. ನವಿಲಿನ ಸ್ವರ "ಪ್ರಕೃತಿಯ ಸಂಗೀತ"ವಾಯಿತು. ಫೋನುಗಳು ಹೆಚ್ಚಾದವು. ಬಂದವರ ಸಂಖ್ಯೆ ಮಾತ್ರ ಸೊನ್ನೆಯಲ್ಲೇ ನಿಂತಿತು. ಹರೀಶರ ಅಂಗಿಯ ಗುಂಡಿಗಳು ಕಷ್ಟಪಡತೊಡಗಿದವು.

"ಆರು ಸಲ ಆಯ್ತು," ಎಂದು ಅತ್ತೆ ಸೀರೆ ಮಡಚುತ್ತಾ ಹೇಳಿದರು. "ಇರಲಿ ಬಿಡು ಮಗಾ. ನೀನು ತರುವ ಮೀನು ತಿಂದು ನನಗೆ ಅಭ್ಯಾಸ ಆಗಿದೆ." ಬೈದಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಏಳನೆಯವರು ಬರುವ ದಿನ ನಾನು ಹೊಸ ಉಪಾಯ ಹೂಡಿದೆ. ಕೆಳಗೇ ಹೋಗಿ ಕಾಯುವುದು. ಹಾಗೆಂದು ರಸ್ತೆಯಲ್ಲಿ ನಿಂತು ಮನೆ ತೋರಿಸುವುದು ನನ್ನಿಂದಾಗದ ಕೆಲಸ. ಹಮೀದಾಕನ ಅಂಗಡಿಯ ಒಳಗೆ, ಈರುಳ್ಳಿ ಮೂಟೆಗಳ ಹಿಂದೆ, ಈರುಳ್ಳಿ ಆರಿಸುವವಳಂತೆ ನಿಂತೆ. ಕಾರು ಬಂತು. ಸರಿಯಾಗಿ ಅಂಗಡಿಯ ಎದುರೇ ನಿಂತಿತು. ಮೊಬೈಲಿನ ನಕ್ಷೆಗೆ ಅಲ್ಲಿವರೆಗೆ ಮಾತ್ರ ದಾರಿ ಗೊತ್ತು, ಮೆಟ್ಟಿಲು ಗೊತ್ತಿಲ್ಲ. ಕಾರಿನಿಂದ ಒಬ್ಬರು ತಲೆ ಹೊರಗೆ ಹಾಕಿದರು.

"ಇಲ್ಲಿ ಒಂದು ಮನೆ ಮಾರ್ಲಿಕ್ಕೆ ಉಂಟಂತೆ. ಎಲ್ಲಿ?"

ಹಮೀದಾಕ ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದರು. "ಇಲ್ಲಿ ಯಾವ ಮನೆಯೂ ಮಾರ್ಲಿಕ್ಕೆ ಇಲ್ಲ. ಯಾರೋ ಕೆಲಸ ಇಲ್ಲದವರು ಮೊಬೈಲಲ್ಲಿ ಹಾಕಿದ್ದು. ಮರ್ಯಾದಸ್ತರ ಮನೆ ಅದು. ಹೋಗಿ ಹೋಗಿ."

ಕಾರು ತಿರುಗಿತು. ನನ್ನ ಕೈಯಲ್ಲಿದ್ದ ಈರುಳ್ಳಿ ಬಿತ್ತು.

ಹಮೀದಾಕ ನನ್ನತ್ತ ತಿರುಗಿ, ದೊಡ್ಡ ಕೆಲಸ ಮುಗಿಸಿದವರ ಸಮಾಧಾನದಿಂದ ಹೇಳಿದರು. "ನೋಡಿದಿರಾ ಟೀಚರೇ? ಇದು ಏಳನೇ ಪಾರ್ಟಿ. ಎಲ್ಲರನ್ನೂ ಇಲ್ಲಿಂದಲೇ ವಾಪಸ್ ಕಳಿಸಿದ್ದೇನೆ. ರಿಕ್ಷಾದವರಿಗೂ ಹೇಳಿ ಇಟ್ಟಿದ್ದೇನೆ. ಒಬ್ಬನೂ ಮೆಟ್ಟಿಲು ಹತ್ಲಿಕ್ಕಿಲ್ಲ."

ಪುಸ್ತಕದ ಕಾರಣದ ಅಂಕಣ ನನ್ನ ಕಣ್ಣ ಮುಂದೆ ಬಂತು. ಮೆಟ್ಟಿಲು, ನವಿಲು, ಧ್ವನಿ ಎಲ್ಲವನ್ನೂ ಬರೆದಿದ್ದೆ. ನನ್ನ ಹೆಸರೊಂದನ್ನು ಬರೆದಿರಲಿಲ್ಲ.

"ಹಮೀದಾಕ," ಎಂದೆ. "ಮನೆ ಮಾರ್ಲಿಕ್ಕೆ ಉಂಟು."

ಅವರು ತಕ್ಕಡಿ ಕೆಳಗಿಟ್ಟರು. ನಾನು ಎಲ್ಲವನ್ನೂ ಹೇಳಿದೆ. ಅತ್ತೆಯ ಮೊಣಕಾಲು, ಮೀನು, ಮೂಡುಬಿದಿರೆ, ದೀಪಾವಳಿ. ನನ್ನ ಜೀವನದಲ್ಲಿ ಒಂದು ಅಂಗಡಿಯಲ್ಲಿ ನಿಂತು ನಾನು ಆಡಿದ ಅತಿ ದೀರ್ಘ ಮಾತು ಅದು. ಅವರು ಕೋಪಿಸಿಕೊಳ್ಳುತ್ತಾರೆಂದು ಕಾದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು.

"ಕಕ್ಕಿಂಜೆಯವರು ನನ್ನ ತಂಗಿಯ ಗಂಡನ ಕಡೆಯವರು, ಟೀಚರೇ. ಅವರಿಗೂ ಇಲ್ಲ ಅಂತ ಹೇಳಿದೆ. ಆಣೆ ಹಾಕಿ ಹೇಳಿದೆ."

ಮರುಕ್ಷಣವೇ ಅವರು ಅಂಗಡಿಯಿಂದ ಹೊರಗೆ ಬಂದು ರಿಕ್ಷಾ ಸ್ಟ್ಯಾಂಡಿನತ್ತ ಕೈಬೀಸಿದರು. ಬಿಳಿ ಕಾರು, ಹಿಡಿದು ತನ್ನಿ, ಟೀಚರ ಮನೆ ಮಾರ್ಲಿಕ್ಕೆ ಉಂಟು ಎಂದು ಅವರು ಕೂಗಿದ್ದು ನೇತ್ರಾವತಿಯ ಆಚೆ ದಡಕ್ಕೂ ಕೇಳಿಸಿರಬೇಕು. ಮೂರು ತಿಂಗಳು ನಾನು ಜತನದಿಂದ ಕಾಪಾಡಿದ ಗುಟ್ಟು ಅರ್ಧ ನಿಮಿಷದಲ್ಲಿ ಮುಗಿಯಿತು. ಎರಡು ರಿಕ್ಷಾಗಳು ಹೊರಟವು. ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತು ಇಳಿಸಿದವರೇ ಅವರು. ಕಾರು ಎಳನೀರು ಕುಡಿಯಲು ನಿಂತಲ್ಲೇ ಸಿಕ್ಕಿತಂತೆ. ಹಿಂದೆ ಒಂದು ರಿಕ್ಷಾ, ಮುಂದೆ ಒಂದು ರಿಕ್ಷಾ, ನಡುವೆ ಮೆರವಣಿಗೆಯಂತೆ ಕಾರು ಬಂತು.

ಬಂದವರು ಗಂಡ ಹೆಂಡತಿ. ಗಂಡ ಯಕ್ಷಗಾನ ಮೇಳವೊಂದರಲ್ಲಿ ಚೆಂಡೆ ಬಾರಿಸುವವರು. ಮನೆಯಲ್ಲಿ ಅಭ್ಯಾಸ ಮಾಡಿದರೆ ಪಕ್ಕದವರ ತಕರಾರು ಎಂದು ಮೂರು ಬಾಡಿಗೆ ಮನೆ ಬಿಟ್ಟವರು. ಹರೀಶರು ಅಂಗಡಿ ಮುಚ್ಚಿ ಓಡಿ ಬಂದರು. ಹಮೀದಾಕನೂ ನಮ್ಮ ಜೊತೆಗೇ ಮೆಟ್ಟಿಲು ಹತ್ತಿದರು. ಅವರ ಹಿಂದೆ ರಿಕ್ಷಾದವರು. ಮೂವತ್ತನೆಯ ಮೆಟ್ಟಿಲ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ನಿಂತು ಅಲ್ಲಾಡಿಸಿ ನೋಡಿದರು. ಹರೀಶರು ಸಿಮೆಂಟು ಹಾಕಿದ ಮೇಲೂ ಅದು ಅಲ್ಲಾಡಿತು.

ಚೆಂಡೆಯವರು ಹಿತ್ತಲಲ್ಲಿ ನಿಂತು ಸುತ್ತಲೂ ನೋಡಿದರು. ಒಂದು ನವಿಲು ಕೂಗಿತು. ನಾನು ಕಣ್ಣು ಮುಚ್ಚಿದೆ.

"ಒಳ್ಳೆಯದಾಯ್ತು," ಎಂದರು ಅವರು. "ನನ್ನ ಸದ್ದಿಗೆ ಇಲ್ಲಿ ಯಾರೂ ಬೇಸರ ಮಾಡಿಕೊಳ್ಲಿಕ್ಕಿಲ್ಲ. ನಾವು ನಿಮ್ಮ ಮೊದಲಿನ ಜಾಹೀರಾತು ಓದಿಯೇ ಮನಸ್ಸು ಮಾಡಿದ್ದು. ಮೆಟ್ಟಿಲು ಅಲ್ಲಾಡ್ತದೆ ಅಂತ ತಾವೇ ಬರೆಯುವವರು ಏನನ್ನೂ ಮುಚ್ಚಿಡುವವರಲ್ಲ ಅಂತ ಇವಳು ಹೇಳಿದಳು."

ಹಮೀದಾಕ ಕೆಮ್ಮಿದರು. ಹರೀಶರು ಚಟ್ಟಂಬಡೆಯ ತಟ್ಟೆ ತರುವ ನೆಪದಲ್ಲಿ ಒಳಗೆ ಹೋದರು. ಆ ದಿನ ಮೊದಲ ಬಾರಿಗೆ ತಟ್ಟೆ ಅವರನ್ನು ದಾಟಿ ಬೇರೆಯವರ ಕೈಗೆ ಹೋಯಿತು.

ನಾನು ಹೆದರಿದ್ದ ಪ್ರಶ್ನೆಗಳೆಲ್ಲ ಅವತ್ತೇ ಬಂದವು. ಸಾಲವಾ, ಜಗಳವಾ, ದೈವದ ಉಪದ್ರವಾ? ಅತ್ತೆ ಹಬ್ಬದ ಸೀರೆಯಲ್ಲಿ ಕುಳಿತು ಎಲ್ಲಕ್ಕೂ ಉತ್ತರ ಕೊಟ್ಟರು. ಉಪದ್ರ ಮೊಣಕಾಲಿನದ್ದು ಮಾತ್ರ ಎಂದರು. ಚೆಂಡೆಯವರ ಹೆಂಡತಿಯನ್ನು ಬಳಿಗೆ ಕರೆದು, ಇಲ್ಲಿ ಹಾರ್ನ್ ಕೇಳಿದ ಕೂಡಲೇ ಇಳಿಯಬೇಕು, ಇವಳ ಹಾಗೆ ಕೊಡೆ ಹುಡುಕುತ್ತಾ ನಿಂತರೆ ಮೊನ್ನೆಯ ಮೀನೇ ಸಿಗುವುದು ಎಂದು ಬುದ್ಧಿ ಹೇಳಿದರು. ಆಕೆ ತಲೆಯಾಡಿಸಿ, ಕೆಳಗಿನ ರಸ್ತೆಯನ್ನೂ ಮೆಟ್ಟಿಲನ್ನೂ ಒಮ್ಮೆ ಅಳೆದು ನೋಡಿದರು.

ಮುಂದಿನ ವಾರ ಹಿರಿಯರನ್ನು ಕರೆದುಕೊಂಡು ಬರುತ್ತೇವೆ ಎಂದು ಹೇಳಿ ಅವರು ಹೋದರು. ದೀಪಾವಳಿಗೆ ಇನ್ನೂ ಸಮಯವಿದೆ. ಅತ್ತೆ ಈಗಾಗಲೇ ಮೀನು ಹಾಕುವ ತಮ್ಮ ಹಳೆಯ ಬುಟ್ಟಿಯನ್ನು ಹರೀಶರಿಗೆ ಹೇಳಿ ಅಟ್ಟದಿಂದ ಇಳಿಸಿ, ತೊಳೆದು, ಬಿಸಿಲಿಗಿಟ್ಟಿದ್ದಾರೆ. ಕಕ್ಕಿಂಜೆಯವರಿಗೂ ಮುಂಡಾಜೆಯವರಿಗೂ ಹಮೀದಾಕ ತಾವೇ ಫೋನು ಮಾಡಿ ಕ್ಷಮೆ ಕೇಳಿ ಕರೆಸಿಕೊಂಡರು. ನೋಡಲು ಬರುವವರ ಸಾಲು ಈಗ ಎಷ್ಟಿದೆಯೆಂದರೆ, ಕೊಳ್ಳುವ ಯೋಚನೆಯೇ ಇಲ್ಲದವರೂ ಬಂದು ಆ ಮೆಟ್ಟಿಲು ಅಲ್ಲಾಡಿಸಿ ಹೋಗುತ್ತಿದ್ದಾರೆ.

ಮಾತು ಪಕ್ಕಾ ಆಗುವವರೆಗೆ ಒಂದು ಬೋರ್ಡು ಇರಲಿ ಎಂದು ಎಲ್ಲರೂ ಹೇಳಿದರು. ನಾನು ಒಪ್ಪಿದೆ. ಇನ್ನು ಗುಟ್ಟೆಲ್ಲಿ ಉಳಿದಿದೆ? ಅಕ್ಷರ ಅಂದವಾಗಿರಲೆಂದು ಬೋರ್ಡನ್ನು ನಾನೇ ಬರೆದೆ. "ಮನೆ ಮಾರಾಟಕ್ಕಿದೆ. ನಲವತ್ತೆರಡು ಮೆಟ್ಟಿಲು." ಕೆಳಗೆ ಫೋನ್ ನಂಬರ್ ಹಾಕಲು ಹರೀಶರು ಹೇಳಿದರು. ಕುಂಚ ಹಿಡಿದುಕೊಂಡು ಬಹಳ ಹೊತ್ತು ನಿಂತೆ. ದಾರಿಯಲ್ಲಿ ಹೋಗುವವರೆಲ್ಲ ನನ್ನ ನಂಬರ್ ಓದುವುದನ್ನು ನೆನೆದೇ ಅಂಗೈ ಬೆವರಿತು.

ಕೊನೆಗೆ ಬರೆದೆ: "ವಿವರಗಳಿಗೆ ಹಮೀದಾಕನ ಅಂಗಡಿಯಲ್ಲಿ ಕೇಳಿ."